ಸೋತವಳ ಚಾಪೆ

ಸರ್ರ್ ಎಂದು ಟೆನಿಸ್ ಅಂಗಳದ ಮಣ್ಣು ಸಮ ಮಾಡುವ ಚಾಪೆ ಎಳೆಯುವ ಸದ್ದು, ತಲೆಯ ಮೇಲೆ ಒದ್ದೆ ಟವೆಲು ಹೊದ್ದು ಕೂತಿದ್ದರೂ ಯಾರು ಎಳೆಯುತ್ತಿದ್ದಾರೆಂದು ಗೊತ್ತಾಗಿಯೇ ಹೋಗುತ್ತದೆ, ಬೇರೆ ಯಾರೇ ಆದರೂ ಅಂಗಳದ ಮೂಲೆಗೆ ಬಂದಾಗ ಒಂದು ಗಳಿಗೆ ನಿಂತು ಹಗ್ಗ ಬದಲಿಸಿಕೊಳ್ಳುತ್ತಾರೆ, ಕಸಿಲ್ದಾ ನಿಲ್ಲುವುದಿಲ್ಲ, ನಡೆಯುತ್ತಲೇ ಎಡಗೈಯಿಂದ ಬಲಗೈಗೆ ಹಗ್ಗ ದಾಟಿಸಿ ತಿರುಗಿಬಿಡುತ್ತಾಳೆ, ಸದ್ದು ತುಂಡಾಗುವುದೇ ಇಲ್ಲ, ಹನ್ನೊಂದು ವರ್ಷದವಳಿದ್ದಾಗಲೂ ಹಾಗೆಯೇ ತಿರುಗುತ್ತಿದ್ದಳು — ನೋಡಬೇಡ, ಟವೆಲು ತೆಗೆಯಬೇಡ, ಇರುವುದೇ ಎರಡು ನಿಮಿಷ, ಎರಡನೇ ಸೆಟ್ ಕೈತಪ್ಪಿತು, ಹೋಗಲಿ, ಮೂರನೆಯದರ ಬಗ್ಗೆ ಯೋಚಿಸು ಎಂದು ಓಲಾಯಾ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡದ್ದೇ ಬಂತು, ಯೋಚನೆ ಚಾಪೆಯ ಹಿಂದೆಯೇ ಸುತ್ತು ಹಾಕುತ್ತಿದೆ. ಮೊದಲ ಸೆಟ್ ಆರು-ನಾಲ್ಕು ತನ್ನದು, ಎರಡನೆಯದು ಆರು-ಮೂರು ಆ ರಾದ್ಕಾಳದು, ಸ್ಲೋವಾಕಿಯಾದ ಹುಡುಗಿ, ಹತ್ತೊಂಬತ್ತು ವಯಸ್ಸು, ದಣಿವೆಂದರೇನೆಂದು ಇನ್ನೂ ಗೊತ್ತಾಗದ ವಯಸ್ಸು, ಆಚೆ ಬೆಂಚಿನಲ್ಲಿ ಬಾಳೆಹಣ್ಣು ತಿನ್ನುತ್ತ ಕಾಲು ಕುಣಿಸುತ್ತಿದ್ದಾಳೆ, ತನಗೆ ಇಪ್ಪತ್ತಮೂರು, ಮಂಡಿಗೆ ಐವತ್ತು — ಇದು ಸೆಮಿಫೈನಲ್, ಇದೊಂದು ಸೆಟ್ ಗೆದ್ದರೆ ಫೈನಲಿಗೆ, ಫೈನಲಿನಲ್ಲಿ ಸೋತರೂ ಚಿಂತೆಯಿಲ್ಲ, ಇನ್ನೂರೈವತ್ತೊಂದನೇ ಸ್ಥಾನದಲ್ಲಿರುವವಳು ಇನ್ನೂರಮೂವತ್ತರೊಳಗೆ ಬರುತ್ತಾಳೆ, ಬರುವ ಸೋಮವಾರ ಪ್ಯಾರಿಸ್ಸಿನ ದೊಡ್ಡ ಟೂರ್ನಿಯ ಪಟ್ಟಿ ಮುಚ್ಚುತ್ತದೆ, ಅರ್ಹತಾ ಸುತ್ತಿನ ಕಡೆಯ ಸಾಲಿನಲ್ಲಾದರೂ ತನ್ನ ಹೆಸರಿರುತ್ತದೆ, ಐದು ವಸಂತ ಕಳೆದವು, ಪ್ರತಿ ಸಲವೂ ಹತ್ತಿಪ್ಪತ್ತು ಹೆಸರುಗಳ ಅಂತರದಲ್ಲಿ ತಪ್ಪಿಹೋದ ಪ್ಯಾರಿಸ್, ಅದು ಕಡೆಗೆ ಎಲ್ಲಿ ಬಂದು ನಿಂತಿದೆ ನೋಡು, ಈ ಊರಿನ ಕ್ಲಬ್ಬಿನಲ್ಲಿ, ಇದೇ ಎರಡನೇ ಅಂಗಳದಲ್ಲಿ, ಯಾವುದನ್ನು ಬಿಟ್ಟು ಹತ್ತು ವರ್ಷವಾಯಿತೋ ಅಲ್ಲೇ. ಬೇಲಿಯಾಚೆ ಬಾರಿನಲ್ಲಿ ಡಾಮಿನೊ ಬಿಲ್ಲೆಯನ್ನು ಟೇಬಲ್ಲಿಗೆ ಯಾರೋ ಪಟ್ಟೆಂದು ಬಡಿದರು, ಕಸಿಲ್ದಾಳ ಅಪ್ಪ ಸೆರಾಫಿನ್ ಮಾಮನೇ ಇರಬೇಕು, ಅವನಷ್ಟು ಜೋರಾಗಿ ಬಡಿಯುವವರು ಈ ಊರಲ್ಲಿ ಇನ್ನೊಬ್ಬರಿಲ್ಲ, ಐದು ದಿನದಿಂದ ಅಲ್ಲೇ ಕೂತಿದ್ದಾನೆ, ಒಮ್ಮೆಯೂ ಬೇಲಿಯ ಹತ್ತಿರ ಬಂದು ನೋಡಿಲ್ಲ. ಟವೆಲಿನ ಅಂಚಿನ ಕೆಳಗೆ ಒಂದು ಅಂಗುಲದಷ್ಟು ಬೆಳಕು, ಆ ಬೆಳಕಿನಲ್ಲಿ ಎರಡು ಕೆಂಪು ಬೂಟು ದಾಟಿದವು, ಹಿಂದೆಯೇ ಚಾಪೆ, ಒರಟು ಹುಲ್ಲಿನ ಅದೇ ಚಾಪೆಯೋ ಅದರ ಮಗಳೋ ಮೊಮ್ಮಗಳೋ, ಅದರ ಮೇಲೆ ಯಾರೂ ಇಲ್ಲ. ಓಲಾಯಾ ಟವೆಲನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

ಯಾರೂ ಇಲ್ಲ ಎಂದರೆ ಇನ್ಯಾರಿರಬೇಕಿತ್ತು, ಅಂತರರಾಷ್ಟ್ರೀಯ ಟೂರ್ನಿಯಲ್ಲಿ ಚಾಪೆಯ ಮೇಲೆ ಕೂತು ಸವಾರಿ ಮಾಡುತ್ತಾರೆಯೇ, ಹುಚ್ಚು — ಆದರೂ ಯಾವ ದೇಶಕ್ಕೆ ಹೋದರೂ ಮೊದಲು ಕಣ್ಣು ಹುಡುಕುವುದು ಅದನ್ನೇ, ಬೇಲಿಗೆ ನೇತುಹಾಕಿದ ಚಾಪೆಯನ್ನು, ಬಹಳ ಕಡೆ ಈಗ ಪ್ಲಾಸ್ಟಿಕ್ ಬಲೆ, ಕೆಲವು ಕಡೆ ಮೋಟಾರು ಗಾಡಿ, ಸೆರಾಫಿನ್ ಮಾಮ ಮಾತ್ರ ಬೆಟ್ಟದ ಹುಲ್ಲು ಕೊಯ್ದು ತಂದು ನೆನೆಹಾಕಿ ಕುಟ್ಟಿ ತಾನೇ ಹೆಣೆಯುತ್ತಿದ್ದ, ಬಾಗಿಲಿನಷ್ಟು ಅಗಲ, ಎರಡು ಬೆರಳು ದಪ್ಪ, ಹಗ್ಗದ ತುದಿಗೊಂದು ಗಂಟು, ಆ ಗಂಟಿಗೆ ಅವನ ಹಳೇ ಕೆಲಸದ ಅಂಗಿಯ ನೀಲಿ ಬಟ್ಟೆ ಸುತ್ತಿದ್ದ, ಹುಡುಗಿಯರ ಕೈಗೆ ಬೊಬ್ಬೆ ಬರಬಾರದೆಂದು. ಕ್ಲಬ್ಬಿನ ನೆಲ ನೋಡಿಕೊಳ್ಳುವ ಕೆಲಸ ಅವನದು, ಆಟ ಕಲಿಸುವುದು ಅವನ ಕೆಲಸವಲ್ಲ, ಆದರೂ ಮಗಳು ಕಸಿಲ್ದಾಳ ಜೊತೆ ಅವಳ ಗೆಳತಿಗೂ ಕಲಿಸಿದ, ಗೆಳತಿ ಅಂದರೆ ಓಲಾಯಾ, ಬೂಟಿನ ಕಾರ್ಖಾನೆಯಲ್ಲಿ ಅಂಟು ಬಳಿಯುವವನ ಮಗಳು, ದ್ರಾಕ್ಷಿ ತೋಟದಲ್ಲಿ ಗೊಂಚಲಿಗೊಂದು ಕಾಗದದ ಚೀಲ ತೊಡಿಸುವ ಫಿನಾಳ ಮಗಳು. ಲೇ ಹುಡುಗ್ಯಾರಾ, ಕೇಳಿಸ್ಕೊಳ್ಳಿ, ಅನ್ನುತ್ತಿದ್ದ ಸೆರಾಫಿನ್ ಮಾಮ, ಬಾಯಲ್ಲಿ ಸೂರ್ಯಕಾಂತಿ ಬೀಜ, ಸಿಪ್ಪೆಯನ್ನು ಪಕ್ಕಕ್ಕೆ ಉಗಿಯುತ್ತ, ಮಣ್ಣು ಸುಳ್ಳು ಹೇಳಲ್ಲ, ಚೆಂಡು ಎಲ್ಲಿ ಬಿತ್ತೋ ಅಲ್ಲಿ ಮೊಟ್ಟೆ ಥರ ಅದರ ಗುರುತಿರತ್ತೆ, ಪೂರ್ತಿ ಮೊಟ್ಟೆ ಕಂಡ್ರೆ ಹೊರಗೆ, ಅರ್ಧ ಮೊಟ್ಟೆ ಕಂಡ್ರೆ ಗೆರೆಗೆ ತಗುಲಿದೆ ಅಂತ, ಒಳಗೆ, ಅಷ್ಟೇ ಶಾಸ್ತ್ರ, ಜಗಳ ಬಂದ್ರೆ ಇಬ್ಬರೂ ಹೋಗಿ ನೋಡಿ, ನೋಡೋಕೆ ಮುಂಚೆ ಯಾರ ಕಾಲು ಗುರುತಿನ ಮೇಲೆ ಓಡಾಡ್ತೋ ಪಾಯಿಂಟು ಎದುರಿನವಳದ್ದು, ಅಳಿಸಿದೋಳು ಬಿಟ್ಟುಕೊಟ್ಟ ಹಾಗೇನೇ, ತಿಳೀತಾ. ತಿಳಿಯಿತು ಮಾಮ, ಎನ್ನುತ್ತಿದ್ದರು ಇಬ್ಬರೂ ಒಟ್ಟಿಗೆ, ಅವರಿಗೆ ಬೇಕಿದ್ದದ್ದು ಪಾಠವಲ್ಲ, ಪಾಠ ಮುಗಿದ ಮೇಲಿನ ಸವಾರಿ. ಗೆದ್ದವರು ಚಾಪೆ ಎಳೆಯಬೇಕು, ಸೋತವರು ಪೊರಕೆಯಿಂದ ಗೆರೆ ಗುಡಿಸಬೇಕು, ಅದು ಕ್ಲಬ್ಬಿನ ಪದ್ಧತಿ, ಎಷ್ಟು ದೊಡ್ಡ ಮನುಷ್ಯ ಆಡಿದರೂ ಅಂಗಳ ಒಪ್ಪ ಮಾಡದೆ ಹೋಗುವ ಹಾಗಿಲ್ಲ, ಇಬ್ಬರು ಹುಡುಗಿಯರು ಅದಕ್ಕೆ ತಮ್ಮದೊಂದು ಬಾಲ ಅಂಟಿಸಿದ್ದರು, ಸೋತವಳು ಚಾಪೆಯ ಮೇಲೆ ಕೂರಬೇಕು, ಗೆದ್ದವಳು ಎಳೆಯಬೇಕು, ಸೋತು ಅಳು ಬಂದಿರುತ್ತದಲ್ಲ, ಅದಕ್ಕೆ. ಕಸಿಲ್ದಾ ಮಂಡಿ ಅಪ್ಪಿಕೊಂಡು ಕೂರುತ್ತಿದ್ದಳು, ಏಯ್ ಕುದುರೇ, ಬೇಗ ನಡಿಯೇ, ನಿಂಗೆ ಹುಲ್ಲು ಹಾಕಿಲ್ವಾ, ಎಂದು ಕೂಗುತ್ತಿದ್ದಳು, ಮೂಲೆ ತಿರುಗುವಾಗ ಚಾಪೆ ಓರೆಯಾಗಿ ಜಾರಿ ಅವಳು ಮಣ್ಣಿಗೆ ಉರುಳಿ, ಇಬ್ಬರೂ ಬಿದ್ದು ಬಿದ್ದು ನಕ್ಕು, ಅಷ್ಟರಲ್ಲಿ ಸೆರಾಫಿನ್ ಮಾಮ ಪೈಪು ಹಿಡಿದುಕೊಂಡೇ ಓಡಿಬಂದು, ಇದೇನು ನಿಮ್ಮಪ್ಪನ ಗಾಡಿನಾ, ನೆಲವೆಲ್ಲ ಗೀರು ಬಿತ್ತಲ್ರೇ, ಎಂದು ಇಬ್ಬರ ಮೇಲೂ ನೀರು ಬಿಡುತ್ತಿದ್ದ. ಆಗ ಕಸಿಲ್ದಾಳೇ ಹೆಚ್ಚು ಗೆಲ್ಲುತ್ತಿದ್ದಳು, ಆದ್ದರಿಂದ ಓಲಾಯಾ ಹೆಚ್ಚು ಸವಾರಿ ಮಾಡಿದ್ದಾಳೆ, ಲೆಕ್ಕ ಹಾಕಿದರೆ ಭೂಮಿಯನ್ನೇ ಅರ್ಧ ಸುತ್ತಿರಬಹುದು.

ಟೈಮ್, ಎಂದು ಅಂಪೈರ್ ಕರೆದ. ಟವೆಲು ತೆಗೆದರೆ ಬಿಸಿಲು ಕಣ್ಣಿಗೆ ಹೊಡೆಯಿತು, ನೆಲ ಸಪಾಟು, ಒಂದು ಹೆಜ್ಜೆ ಗುರುತಿಲ್ಲ, ಈಗಷ್ಟೇ ಹಾಸಿದ ಹಾಸಿಗೆಯ ಹಾಗೆ, ಕಸಿಲ್ದಾ ಆಗಲೇ ಬಾಗಿಲು ದಾಟಿ ಹೋಗಿ ಪೈಪಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಾಳೆ, ನೀಲಿ ಅಂಗಿ, ಅಪ್ಪನದೇ ಅಳತೆಯದು, ತೋಳು ಮಡಚಿದ್ದಾಳೆ. ಮೊದಲ ಆಟ ತನ್ನದು, ಎರಡನೆಯದು ರಾದ್ಕಾಳದು, ಮೂರನೆಯದು, ನಾಲ್ಕನೆಯದು, ಕಾಲು ತಾನಾಗಿಯೇ ಜಾರುತ್ತದೆ, ಈ ಮಣ್ಣಿನ ಮೇಲೆ ಜಾರುವುದನ್ನು ಕಾಲು ಮರೆಯುವುದುಂಟೇ — ಮೊನಾಸ್ತಿರಿನ ಮಣ್ಣು ಗಟ್ಟಿ, ಅಂತಾಲ್ಯಾದ್ದು ಪುಡಿಪುಡಿ, ಪೋಲೆಂಡಿನದ್ದು ಸದಾ ಒದ್ದೆ, ಹದಿನೇಳನೇ ವಯಸ್ಸಿನಿಂದ ಅವೇ ಊರುಗಳು, ಅವೇ ಹೋಟೆಲು, ಅದೇ ಬೇಯಿಸಿದ ಕೋಳಿ, ಅದೇ ಬಿಳಿ ಅನ್ನ, ಪಕ್ಕದ ಕೋಣೆಯಲ್ಲಿ ನಾಳೆ ಎದುರಾಡುವ ಹುಡುಗಿ, ಬೆಳಿಗ್ಗೆ ತಿಂಡಿಗೆ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತರೂ ಮಾತಿಲ್ಲ, ಎಲ್ಲರೂ ಕಿವಿಗೆ ಏನೋ ಸಿಕ್ಕಿಸಿಕೊಂಡಿರುತ್ತಾರೆ, ಸೋತವರು ಮಧ್ಯಾಹ್ನದ ವಿಮಾನಕ್ಕೆ ಹೊರಡುತ್ತಾರೆ, ಗೆದ್ದವರು ಇನ್ನೊಂದು ದಿನ ಬೇಯಿಸಿದ ಕೋಳಿ ತಿನ್ನುತ್ತಾರೆ, ಇದಕ್ಕೇನಾ ಅಷ್ಟೆಲ್ಲ — ಅಲ್ಲ, ಹಾಗೆಲ್ಲ ಅನ್ನಬಾರದು, ಅವಳಿಗೆ ಆಟ ಇಷ್ಟ, ಈಗಲೂ ಬೆಳಿಗ್ಗೆ ಎದ್ದ ತಕ್ಷಣ ರಾಕೆಟ್ಟಿನ ಹಿಡಿಗೆ ಹೊಸ ಪಟ್ಟಿ ಸುತ್ತಲು ಕೂರುತ್ತಾಳೆ, ಪ್ಯಾರಿಸ್ ಬೇಕು, ಬೇಕೇ ಬೇಕು, ಆದರೆ ಗೆದ್ದ ದಿನ ಅಂಗಳದಲ್ಲಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ, ಕೈ ಹಗ್ಗ ಹುಡುಕುತ್ತದೆ, ಕೂಲಿಯವನೊಬ್ಬ ಬಂದು ಸರಿಯಮ್ಮ ಪಕ್ಕಕ್ಕೆ ಅನ್ನುತ್ತಾನೆ. ಅಂತಾಲ್ಯಾದಿಂದ ಒಮ್ಮೆ ಕಸಿಲ್ದಾಳಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿದ್ದಳು, ಮೂರು ಸಾಲು ಬರೆದು ಎರಡು ಸಾಲು ಅಳಿಸಿ, ಆಕಡೆ ಓದಿದ್ದು ಗೊತ್ತಾಯಿತು, ಉತ್ತರ ಬರಲಿಲ್ಲ, ಇಡೀ ವಾರ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು, ಎಂಥ ಪೆದ್ದಿ. ಬೇಸಿಗೆಗೆ ಊರಿಗೆ ಬಂದಾಗ ಚೌಕದಲ್ಲಿ ದೂರದಿಂದ ಕಂಡದ್ದುಂಟು, ತಲೆ ಆಡಿಸಿ ಹೋಗುತ್ತಾಳೆ, ಹದಿನೈದಕ್ಕೇ ಆಟ ಬಿಟ್ಟಳಂತೆ, ಬೂಟಿನ ಕಾರ್ಖಾನೆಗೆ ಹೋದಳಂತೆ, ಸೆರಾಫಿನ್ ಮಾಮನ ಮಂಡಿ ಕೈಕೊಟ್ಟ ಮೇಲೆ ಅವನ ಕೆಲಸ ಹಿಡಿದಳಂತೆ, ಎಲ್ಲವೂ ಅಂತೆ, ಎಲ್ಲವೂ ಅಮ್ಮನ ಬಾಯಿಂದ. ಸೋಮವಾರ ಅಭ್ಯಾಸಕ್ಕೆ ಬಂದಾಗ ಎದುರಾಬದುರಾ ಸಿಕ್ಕಳು, ಓಲಾಯಾ ಬಾಯಿ ತೆರೆಯುವಷ್ಟರಲ್ಲಿ ಕಸಿಲ್ದಾಳೇ ಅಂದಳು, ಎರಡನೇ ಅಂಗಳ, ಹನ್ನೊಂದಕ್ಕೆ, ನೀರು ಹಾಕಿದೀನಿ, ಮುಗಿದ ಮೇಲೆ ಬೂಟು ಕೊಡವಿ ಬನ್ನಿ. ಬನ್ನಿ ಅಂದಳು, ಬಾರೇ ಅನ್ನಲಿಲ್ಲ, ಆ ಒಂದು ಮಾತು ಐದು ದಿನದಿಂದ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಗೊತ್ತು, ಯಾಕೆಂದು ಗೊತ್ತು, ಹತ್ತು ವರ್ಷದಿಂದ ಗೊತ್ತು. ಮೂರು-ಮೂರು ಎಂದ ಅಂಪೈರ್.

ಆವತ್ತು ಟೈಬ್ರೇಕಿನಲ್ಲಿ ತನಗೆ ಆರು-ಐದು, ಇನ್ನೊಂದು ಪಾಯಿಂಟಿಗೆ ಗೆಲುವು, ಇದೇ ಅಂಗಳ, ಇದೇ ಪೈನ್ ಮರದ ನೆರಳು ಮೂರನೇ ಗೆರೆಯ ತನಕ ಬಂದಿತ್ತು, ಹದಿಮೂರು ವರ್ಷದವರ ಜಿಲ್ಲಾ ಫೈನಲ್, ಮಕ್ಕಳ ಮ್ಯಾಚಿಗೆ ಅಂಪೈರ್ ಎಲ್ಲಿಂದ ಬರಬೇಕು, ಅವರವರ ಕಡೆಯ ಚೆಂಡನ್ನು ಅವರವರೇ ನೋಡಿ ಹೇಳಬೇಕು. ಮರದ ಕೆಳಗೆ ಬಿಳಿ ಟೋಪಿಯವನೊಬ್ಬ, ಮಡಿಲಲ್ಲಿ ಪುಸ್ತಕ, ಬಾರ್ಸಿಲೋನಾ ಕಡೆಯ ಅಕಾಡೆಮಿಯವನು, ಒಂದೇ ಜಾಗ ಇರೋದು, ಗೆದ್ದವಳನ್ನ ಕರ್ಕೊಂಡು ಹೋಗ್ತಾನಂತೆ, ಎಂದು ಊರಿಗೇ ಗೊತ್ತಿತ್ತು, ಅಪ್ಪ ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡಿದ್ದ. ಕಸಿಲ್ದಾ ಹೊಡೆದಳು, ಓಡುತ್ತ ಹೊಡೆದ ಆ ಬಲಗೈ ಹೊಡೆತ, ಅಂಥದ್ದನ್ನು ಆಮೇಲೆ ಇಡೀ ಪ್ರಪಂಚದಲ್ಲಿ ಬಹಳ ಕಂಡಿಲ್ಲ, ಚೆಂಡು ಪಕ್ಕದ ಗೆರೆಯ ಹತ್ತಿರ ಬಿತ್ತು, ಓಲಾಯಾಳ ಕೈ ಮೇಲೆದ್ದಿತ್ತು, ತೋರುಬೆರಳು, ಔಟ್, ಅದು ನೋಡಿ ಎತ್ತಿದ್ದಲ್ಲ, ಆಸೆಗೆ ಎತ್ತಿದ್ದು, ಎತ್ತಿದ ಮೇಲೆ ನೋಡಿದಳು, ಅರ್ಧ ಮೊಟ್ಟೆ. ಅರ್ಧವೇ, ಗೆರೆಗೆ ಅಂಟಿಕೊಂಡು, ಕತ್ತರಿಸಿಟ್ಟ ಹಾಗೆ, ಮಣ್ಣು ಸುಳ್ಳು ಹೇಳಲ್ಲ. ಆಚೆಯಿಂದ ಕಸಿಲ್ದಾ ಬಲೆಯ ಕಡೆಗೆ ನಡೆದುಬರುತ್ತಿದ್ದಾಳೆ, ತೋರ್ಸೇ ಓಲಿ, ಎಲ್ಲಿ ಬಿತ್ತು, ಎನ್ನುತ್ತ, ಕೋಪವಿಲ್ಲ, ಸುಮ್ಮನೆ, ದಿನಾ ಬರುವ ಹಾಗೆ, ಆಗ ಎಡಗಾಲು, ತನ್ನದೇ ಎಡಗಾಲು, ಯಾರದೋ ಎನ್ನುವ ಹಾಗೆ ಮುಂದೆ ಹೋಗಿ ಬೂಟಿನ ಅಂಚಿನಿಂದ ಒಮ್ಮೆ ಎಳೆಯಿತು, ಅಷ್ಟೇ, ಒಂದೇ ಸಲ, ಹಣೆಯ ಬೆವರು ಒರೆಸುವಷ್ಟು ಹೊತ್ತು. ಕಸಿಲ್ದಾ ಬಲೆಯ ಹತ್ತಿರ ನಿಂತಳು. ಅವಳ ಕಣ್ಣು ಬೂಟಿನ ಮೇಲೆ ಬಂತು, ಬೂಟಿನ ಮೇಲಿನ ಕಾಲುಚೀಲದ ಮೇಲೆ, ಎಳೆದ ಕೆಂಪು ಮಣ್ಣು ಅಲ್ಲೇ ಇತ್ತು, ಅಳಿಸಿದೋಳು ಬಿಟ್ಟುಕೊಟ್ಟ ಹಾಗೆ, ಒಂದು ಮಾತು ಅಂದರೆ ಸಾಕಿತ್ತು, ಅಪ್ಪಾ ಎಂದು ಕೂಗಿದರೆ ಸಾಕಿತ್ತು, ಸೆರಾಫಿನ್ ಮಾಮ ಬೇಲಿಯ ಹತ್ತಿರವೇ ಇದ್ದ, ಪಾಯಿಂಟು ಅವಳದಾಗುತ್ತಿತ್ತು, ಆರು-ಆರು, ಆಮೇಲೆ ಯಾರಿಗೆ ಗೊತ್ತು, ಅವಳೇ ಗೆಲ್ಲುತ್ತಿದ್ದಳು, ಹತ್ತರಲ್ಲಿ ಏಳು ಸಲ ಅವಳೇ ಗೆಲ್ಲುತ್ತಿದ್ದದ್ದು. ಆಯ್ತು, ಎಂದಳು ಕಸಿಲ್ದಾ, ಕೈ ಚಾಚಿದಳು, ಬಿಸಿ ಕೈ, ಮಣ್ಣು ಮಣ್ಣು. ಅಲ್ಲಿಂದ ಮುಂದೆ ನೆನಪು ನೇರವಾಗಿ ಕಾರಿನೊಳಗೆ ಇಳಿಯುತ್ತದೆ, ಅಪ್ಪ ಹಾರ್ನ್ ಹೊಡೆಯುತ್ತಿದ್ದಾನೆ, ಬಿಳಿ ಟೋಪಿಯವನು ಅಮ್ಮನ ಕೈ ಕುಲುಕುತ್ತಿದ್ದಾನೆ, ಚಿಕ್ಕಪ್ಪನ ಮನೆಯಲ್ಲಿ ಮೊಲದ ಮಾಂಸ ಬಸವನಹುಳು ಹಾಕಿದ ಅನ್ನ, ದೊಡ್ಡ ಬಾಣಲೆ, ಎಲ್ಲರೂ ಅದರೊಳಗಿಂದಲೇ ತಿನ್ನುತ್ತ, ನಮ್ ಹುಡುಗಿ ಪ್ಯಾರಿಸ್ಸಿಗೆ ಹೋಗ್ತಾಳೆ ನೋಡ್ತಿರಿ, ಎಂದು ಅಪ್ಪ ಗ್ಲಾಸು ಎತ್ತುತ್ತಿದ್ದಾನೆ, ಓಲಾಯಾ ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ, ಖುಷಿಗೆ ಹಂಗಾಗಿದೆ ಬಿಡಿ, ಅಂದಳು ಅಮ್ಮ. ಮೂರನೇ ದಿನ ಬೆಳಿಗ್ಗೆ ರೈಲು. ನಿಲ್ದಾಣಕ್ಕೆ ಕಸಿಲ್ದಾ ಬರುತ್ತಾಳೇನೋ ಎಂದು ಕಿಟಕಿಯಿಂದ ನೋಡುತ್ತಲೇ ಇದ್ದಳು, ಬರಲಿಲ್ಲ, ಯಾಕೆ ಬರಬೇಕು, ಕಳ್ಳಿಯನ್ನು ಕಳಿಸಿಕೊಡಲು ಯಾರಾದರೂ ಬರುತ್ತಾರೆಯೇ.

ಈಗ ಐದು-ನಾಲ್ಕು, ತನಗೆ. ಹೇಗೆ ಬಂತೋ, ಮಂಡಿ ಉರಿಯುತ್ತಿದೆ, ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಅಮ್ಮ ಬೀಸಣಿಗೆ ಬೀಸುವುದನ್ನು ನಿಲ್ಲಿಸಿ ಅದನ್ನೇ ಬಾಯಿಗೆ ಅಡ್ಡ ಹಿಡಿದಿದ್ದಾಳೆ, ನಡಿ ಮಗಳೇ, ನಡಿ, ಎಂದು ಯಾರೋ ಮುದುಕರು ಕೂಗಿದರು, ನಲವತ್ತು-ಮೂವತ್ತು, ಮ್ಯಾಚ್ ಪಾಯಿಂಟ್, ಡಾಮಿನೊ ಸದ್ದೂ ನಿಂತಿದೆ, ನಿಂತಿದೆಯೋ ತನಗೇ ಕೇಳಿಸುತ್ತಿಲ್ಲವೋ. ಸರ್ವ್ ಮಾಡಿದಳು, ಚೆಂಡು ಬಂತು, ಹೋಯಿತು, ಬಂತು, ಉದ್ದುದ್ದ ಹೊಡೆತಗಳು, ಹನ್ನೆರಡು, ಹದಿಮೂರು, ಪ್ಯಾರಿಸ್ಸಿನಲ್ಲಿ ಮಣ್ಣು ಹೇಗಿರುತ್ತದಂತೆ, ನಮ್ಮದಕ್ಕಿಂತ ಕಿತ್ತಳೆ ಬಣ್ಣವಂತೆ, ಹದಿನಾಲ್ಕು, ರಾದ್ಕಾ ಓಡುತ್ತ ಬಲಗೈಯಿಂದ ಹೊಡೆದಳು, ಗೆರೆಗುಂಟ, ಅಯ್ಯೋ ಅದೇ ಹೊಡೆತ, ಚೆಂಡು ಪಕ್ಕದ ಗೆರೆಯ ಹತ್ತಿರ ಬಿತ್ತು, ಓಲಾಯಾ ರಾಕೆಟ್ ತಾಗಿಸದೆ ಬಿಟ್ಟಳು, ಔಟ್, ಎಂದ ಅಂಪೈರ್, ಜನ ಎದ್ದೇಬಿಟ್ಟರು. ರಾದ್ಕಾ ಒಮ್ಮೆ ಗೆರೆಯ ಕಡೆ ನೋಡಿದಳು, ಆ ತುದಿಯಿಂದ ಏನು ಕಾಣಬೇಕು, ತುಟಿ ಕಚ್ಚಿದಳು, ಇಳಿದು ನೋಡಿ ಎಂದು ಅಂಪೈರನ್ನು ಕೇಳಬಹುದಿತ್ತು, ಕೇಳಲಿಲ್ಲ, ಟೋಪಿ ತೆಗೆದು ಕೈ ಚಾಚಲು ಬಲೆಯ ಕಡೆಗೆ ನಡೆದುಬರುತ್ತಿದ್ದಾಳೆ. ಓಲಾಯಾ ನೋಡಿದಳು. ನೋಡಬಾರದಿತ್ತು, ನೋಡದೆ ಹೋಗಿ ಕೈ ಕುಲುಕಿಬಿಡಬೇಕಿತ್ತು, ಪ್ರಪಂಚದಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ, ಅಂಪೈರ್ ಹೇಳಿಯಾಗಿದೆ, ಎದುರಾಳಿ ಒಪ್ಪಿಯಾಗಿದೆ, ಆದರೆ ಮಣ್ಣಿನ ಮೇಲೆ ಹುಟ್ಟಿದವಳು ಮಣ್ಣು ನೋಡದೆ ಇರಲು ಸಾಧ್ಯವೇ, ಅರ್ಧ ಮೊಟ್ಟೆ. ಗೆರೆಗೆ ಅಂಟಿಕೊಂಡು, ಕತ್ತರಿಸಿಟ್ಟ ಹಾಗೆ, ಹತ್ತು ವರ್ಷದಿಂದ ಅಲ್ಲೇ ಕಾದು ಕೂತಿತ್ತೇನೋ ಎನ್ನುವ ಹಾಗೆ. ಬಾಗಿಲ ಹತ್ತಿರ ನೀಲಿ ಅಂಗಿ ಕಾಣಿಸಿತು, ಕಸಿಲ್ದಾ, ನೋಡು, ಇತ್ತ ನೋಡೇ, ಒಂದೇ ಒಂದು ಸಲ ನೋಡು — ಪ್ಯಾರಿಸ್ ಎಂದಿತು ಮನಸ್ಸು, ಅಪ್ಪನ ಗ್ಲಾಸು, ಅಮ್ಮನ ಬೀಸಣಿಗೆ, ಮುಂದಿನ ವರ್ಷ ಈ ಮಂಡಿ ಇರುತ್ತದೋ ಇಲ್ಲವೋ, ಎಡಗಾಲು ಆಗಲೇ ಮುಂದೆ ಹೋಗಿತ್ತು, ಈ ಸಲ ತನ್ನದೇ ಕಾಲು, ತಾನೇ ಕಳಿಸಿದ್ದು, ಅಂಪೈರಿಗೆ ಕಾಣುವ ಹಾಗೆ, ಎಲ್ಲರಿಗೂ ಕಾಣುವ ಹಾಗೆ, ಬೂಟಿನ ಅಂಚಿನಿಂದ ಒಮ್ಮೆ ಎಳೆದಳು, ಒಳಗಿತ್ತು, ಎಂದು ಅಂಗೈ ನೆಲದ ಕಡೆ ಮಾಡಿ ತೋರಿಸಿದಳು, ಚೆಂಡು ಒಳಗಿತ್ತು. ಜನ ಓ ಎಂದರು, ಅದು ಮೆಚ್ಚಿಕೆಯೋ ನಿರಾಸೆಯೋ ಗೊತ್ತಾಗಲಿಲ್ಲ, ಅಂಪೈರ್ ತೀರ್ಪು ಬದಲಿಸಿ ಡ್ಯೂಸ್, ಸಮ ಸಮ, ಎಂದ. ರಾದ್ಕಾ ಟೋಪಿಯನ್ನು ಮತ್ತೆ ಹಾಕಿಕೊಂಡಳು. ಆಮೇಲಿನದನ್ನು ಹೇಳುವುದಕ್ಕೇನಿದೆ, ಎರಡು ಪಾಯಿಂಟು ಹೋಯಿತು, ಆ ಆಟ ಹೋಯಿತು, ಮುಂದಿನ ಆಟ ಹೋಯಿತು, ಅದರ ಮುಂದಿನದೂ ಹೋಯಿತು, ಐದು-ಏಳು, ಓಡುತ್ತಲೇ ಇದ್ದಳು, ಬೇಕೆಂದು ಸೋಲಲಿಲ್ಲ, ಆ ಮಾತು ಯಾರೂ ಅನ್ನಬಾರದು, ಆದರೆ ಓಡುವಾಗಲೆಲ್ಲ ಒಂದು ಕಣ್ಣು ಬಾಗಿಲ ಕಡೆಗೇ ಇತ್ತು.

ರಾದ್ಕಾ ಕೈ ಕುಲುಕಿ, ಅಪ್ಪಿಕೊಂಡು, ತನ್ನ ಭಾಷೆಯಲ್ಲಿ ಏನೋ ಹೇಳಿ ಹೋದಳು. ಜನ ಚಪ್ಪಾಳೆ ತಟ್ಟಿದರು, ಬಾರಿನ ಕಡೆ ಕರಗಿದರು, ಊಟದ ಹೊತ್ತು, ಮೇಲಿನಿಂದ ಅಮ್ಮ ಬರಲಾ ಎಂದು ಕೈಸನ್ನೆ ಮಾಡಿದಳು, ಬೇಡ, ಆಮೇಲೆ, ಎಂದು ಓಲಾಯಾ ತಲೆ ಆಡಿಸಿದಳು. ಪ್ಯಾರಿಸ್ ಹೋಯಿತು. ಹೋಯಿತು ಎಂದು ಮನಸ್ಸಿನಲ್ಲೇ ಒಮ್ಮೆ ಅಂದು ನೋಡಿದಳು, ನೋವಾಯಿತು, ಆದರೆ ಅದರ ಕೆಳಗೆ ಇನ್ನೊಂದು, ನಾಚಿಕೆಯಾಗುವಷ್ಟು ದೊಡ್ಡ ಆಸೆ, ಈಗ ಅವಳು ಬರುತ್ತಾಳೆ, ನೋಡಿದ್ದಾಳೆ, ಗೊತ್ತಾಗಿದೆ ಅವಳಿಗೆ, ಈಗ ಬಂದು ಪಕ್ಕದಲ್ಲಿ ಕೂರುತ್ತಾಳೆ. ಬಾಗಿಲು ಕಿರ್ರೆಂದಿತು, ಕಸಿಲ್ದಾ ಬಂದಳು, ಹೆಗಲ ಮೇಲೆ ಹಗ್ಗ, ಹಿಂದೆ ಚಾಪೆ. ನೋಡಿದ್ಯಾ ಕಸಿ, ಎಂದಳು ಓಲಾಯಾ. ಏನನ್ನ, ಎಂದಳು ಕಸಿಲ್ದಾ. ಆ ಗುರುತು, ಮ್ಯಾಚ್ ಪಾಯಿಂಟಲ್ಲಿ, ನಾನೇ ಅಳಿಸ್ದೆ, ಬಿಟ್ಟುಕೊಟ್ಟೆ. ಇಲ್ಲಪ್ಪ, ಪೈಪು ಸುತ್ತಿಡ್ತಿದ್ದೆ, ಜನ ಓ ಅಂದ್ರು, ತಿರುಗಿ ನೋಡೋಷ್ಟರಲ್ಲಿ ಅವನು ಡ್ಯೂಸ್ ಅಂತಿದ್ದ, ಎನ್ನುತ್ತ ಕಸಿಲ್ದಾ ಚಾಪೆಯನ್ನು ನೆಲಕ್ಕೆ ಇಳಿಸಿ ಮೂಲೆ ಬಿಡಿಸಿದಳು. ನೋಡಲಿಲ್ಲ, ಅವಳು ನೋಡಲೇ ಇಲ್ಲ, ಓಲಾಯಾಳಿಗೆ ನಗು ಬರುವ ಹಾಗಾಯಿತು, ಅಳುವೂ ಬಂತು, ತಡೆಯಲಾರದೆ ಹೇಳಿಯೇಬಿಟ್ಟಳು, ಆವತ್ತು ನಿನ್ನ ಚೆಂಡು ಒಳಗಿತ್ತು ಕಣೇ, ನಮ್ಮ ಫೈನಲ್ಲಲ್ಲಿ, ಗೆರೆ ಮೇಲೇ ಇತ್ತು, ನೀನು ನೋಡೋಕೆ ಮುಂಚೆ ಕಾಲಲ್ಲಿ ಅಳಿಸಿಬಿಟ್ಟೆ, ಹತ್ತು ವರ್ಷದಿಂದ ಅದೇ, ಅದೊಂದೇ. ಕಸಿಲ್ದಾ ಸೊಂಟದ ಮೇಲೆ ಕೈಯಿಟ್ಟು ಅವಳನ್ನೇ ನೋಡಿದಳು, ಗೊತ್ತು ಬಿಡು, ಎಂದಳು, ನಿನ್ನ ಬೂಟು ನೋಡಿದ್ನಲ್ಲ. ಗೊತ್ತಿತ್ತಾ, ಗೊತ್ತಿದ್ರೆ ಯಾಕೆ ಕೇಳಲಿಲ್ಲ, ಮಾಮನ್ನ ಕೂಗಿದ್ರೆ ಪಾಯಿಂಟು ನಿಂದೇ ಆಗಿತ್ತಲ್ಲ. ಕೇಳಿ ಏನ್ಮಾಡ್ಲಿ, ನಿಂಗೆ ಹೋಗ್ಬೇಕು ಅಂತ ಅಷ್ಟು ಆಸೆ ಇತ್ತು, ನಂಗೆ ಅಪ್ಪನ್ನ ಬಿಟ್ಟು ಎಲ್ಲಿಗೂ ಹೋಗೋ ಮನಸ್ಸಿರಲಿಲ್ಲ, ಒಂದು ಪಾಯಿಂಟು, ತಗೊಂಡು ಹೋಗ್ಲಿ ಅಂದ್ಕೊಂಡೆ, ಅಷ್ಟಕ್ಕೆಲ್ಲ ಯಾರಾದ್ರೂ ಮಾತು ಬಿಡ್ತಾರೇನೇ ಓಲಿ. ಓಲಿ ಅಂದಳು, ಹತ್ತು ವರ್ಷದ ಮೇಲೆ, ಮತ್ತೆ ಯಾಕೆ, ಮತ್ಯಾತಕ್ಕೆ ಮಾತು ಬಿಟ್ಟೆ ಕಸಿ, ಎಂದು ಕೇಳಿದಳು ಓಲಾಯಾ. ಕಸಿಲ್ದಾ ಹಗ್ಗದ ತುದಿಯ ಗಂಟನ್ನು ಬೆರಳಲ್ಲಿ ತಿರುವುತ್ತ ನಿಂತಳು, ಗಂಟಿಗೆ ಈಗಲೂ ನೀಲಿ ಬಟ್ಟೆ, ನಾನು ಚಾಪೆ ಮೇಲೆ ಕೂತಿದ್ದೆ, ಎಂದಳು. ಏನು, ಎಂದಳು ಓಲಾಯಾ. ಸೋತಿದ್ನಲ್ಲ, ಹೋಗಿ ಕೂತ್ಕೊಂಡೆ, ಕಾರಿನ ಹತ್ರ ಮಾತಾಡಿ ಬರ್ತಾಳೆ, ಬಂದು ಎಳೀತಾಳೆ ಅಂತ, ಕಾರು ಹೋಯ್ತು, ಆಮೇಲೂ ಬರ್ತಾಳೆ ಅಂತ ಕೂತಿದ್ದೆ, ಸಂಜೆ ಅಪ್ಪ ಬಂದು ಏಳಮ್ಮ ಅನ್ನೋವರೆಗೂ. ಅಷ್ಟು ಹೇಳಿ ಕಸಿಲ್ದಾ ಹಗ್ಗ ಹೆಗಲಿಗೆ ಹಾಕಿಕೊಂಡಳು, ಸರಿ, ಬ್ಯಾಗು ತೆಗಿ, ಮುಂದಿನವರು ಬರೋ ಹೊತ್ತಾಯ್ತು, ಎಂದಳು.

ಬ್ಯಾಗು ತೆಗೆಯಬೇಕು, ಏಳಬೇಕು, ಸರ್ರ್ ಎಂದು ಚಾಪೆ ಹೊರಟಿದೆ, ಹೊರಗಿನ ಸುತ್ತು ಮೊದಲು, ಮೂಲೆಯಲ್ಲಿ ನಿಲ್ಲದೆ ಕೈ ಬದಲಾಯಿಸಿ, ಪಕ್ಕದ ಗೆರೆಯ ಹತ್ತಿರ ತನ್ನ ಬೂಟು ಎಳೆದ ಗೀರು ಇತ್ತು, ಚಾಪೆ ಅದರ ಮೇಲೆ ಹಾದುಹೋಯಿತು, ಗೀರಿಲ್ಲ, ಆ ಗೀರನ್ನೇ ಅಲ್ಲವೇ ಹತ್ತು ವರ್ಷ ನೋಡುತ್ತ ಕೂತದ್ದು, ಮೊನಾಸ್ತಿರಿನಲ್ಲಿ, ಅಂತಾಲ್ಯಾದಲ್ಲಿ, ನಿದ್ದೆಯಲ್ಲಿ, ಆ ಅಂಗೈಯಗಲದ ಮಣ್ಣನ್ನು ನೋಡುತ್ತ ನೋಡುತ್ತ ಅದರಿಂದ ಹತ್ತು ಹೆಜ್ಜೆ ಆಚೆ ಏನಿತ್ತೆಂದು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲವಲ್ಲ, ಕಾರಿನ ಹಿಂದಿನ ಗಾಜಿನಿಂದ ತಿರುಗಿ ನೋಡಿದ್ದರೂ ಕಾಣುತ್ತಿತ್ತು, ಹಾರ್ನ್ ಹೊಡೆದದ್ದು ಅವಳಿಗೆ ಕೇಳಿಸಿರಬೇಕು, ಮೊಲದ ಅನ್ನ ತಿನ್ನುವಾಗ ಅವಳು ಅಲ್ಲೇ, ಅಪ್ಪ ಗ್ಲಾಸು ಎತ್ತುವಾಗ ಅವಳು ಅಲ್ಲೇ, ಪೈನ್ ಮರದ ನೆರಳು ಮೂರನೇ ಗೆರೆ ದಾಟಿ ಬಲೆ ದಾಟಿ ಅವಳ ಕಾಲಿನ ತನಕ ಬಂದಿರಬೇಕು, ಈಗ ಸೋತವಳು ತಾನು, ಚಾಪೆ ಬೆಂಚಿನ ಮುಂದೆ ಬರುತ್ತಿದೆ, ಬಂತು, ಹೋಯಿತು, ಮತ್ತೆ ಬರುತ್ತದೆ, ಅದರ ಮೇಲೆ ಯಾರೂ ಇಲ್ಲ — ಇದ್ದಾಳೆ, ಹದಿಮೂರು ವರ್ಷದ ಕಸಿ, ಕೆಂಪಾದ ಕಾಲುಚೀಲ, ಮಂಡಿ ಅಪ್ಪಿಕೊಂಡು, ಮುಖ ಬಾಗಿಲ ಕಡೆಗೆ, ಅವಳ ಮುಂದೆ ಹಗ್ಗ, ನೇರವಾಗಿ ಬಾಗಿಲ ಕಡೆಗೇ ಚಾಚಿಕೊಂಡು ಮಣ್ಣಿನ ಮೇಲೆ ಬಿದ್ದಿದೆ, ತುದಿಯಲ್ಲಿ ನೀಲಿ ಬಟ್ಟೆಯ ಗಂಟು, ಕೈಗೆ ಬೊಬ್ಬೆ ಬರಬಾರದೆಂದು ಸುತ್ತಿದ ಗಂಟು, ಆ ನೀಲಿ ಗಂಟು, ಮಣ್ಣಿನ ಮೇಲೆ, ಯಾರೂ ಹಿಡಿಯದೆ, ಹಾಗೇ.